ತೊರವಿಯಲ್ಲೊಂದು ಮನೆ, ಕಾಯಲೊಂದು ಎಮ್ಮೆ

ಹೋಳಿಹುಣ್ಣಿಮೆ ಕಳೆಯಿತೆಂದರೆ ವಿಜಯಪುರ ಸೀಮೆಯ ರಸ್ತೆಗಳ ಚಹರೆಯೇ ಬೇರೆ. ಹೆಗಲ ಮೇಲೆ ಕಂಬಿ, ಕೈಯಲ್ಲಿ ನಂದಿಕೋಲು, ಹಣೆ ತುಂಬ ವಿಭೂತಿ, ಬೊಬ್ಬೆ ಎದ್ದ ಪಾದಕ್ಕೆ ಸುತ್ತಿದ ಬಟ್ಟೆ. ತಂಡ ತಂಡವಾಗಿ ಜನ ಶ್ರೀಶೈಲದ ಕಡೆ ಮುಖ ಮಾಡುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುವುದೂ ಉಂಟು. ರಾಯಚೂರು, ಕರ್ನೂಲು, ಆತ್ಮಕೂರು ದಾಟಿ ನಲ್ಲಮಲೆಯ ಕಾಡು ಹೊಕ್ಕು, ಭೀಮನಕೊಳ್ಳ ಇಳಿದು ಏರಿ, ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಮುಂದೆ ನಿಲ್ಲಬೇಕು. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಎಂಬುದು ಈ ಕಡೆಯವರ ಲೆಕ್ಕ. ಹಬ್ಬಕ್ಕೆ ಮಗಳ ಮನೆಗೆ ಹೊರಟವರು ಸೀರೆ, ಕುಬುಸ, ಅರಿಶಿನ, ಕುಂಕುಮ ಇಲ್ಲದೆ ಬರಿಗೈಯಲ್ಲಿ ಹೋದಾರೆಯೆ?

ಪಾದಯಾತ್ರೆಯ ಬಗ್ಗೆ ಬರೆಯುವವರು ಬಹಳ ಮಂದಿ. ಹಿಂದೆ ಉಳಿದ ಮನೆಯನ್ನು ಯಾರೂ ಕೇಳುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಮಲ್ಲಯ್ಯನ ಹಾದಿ ಹಿಡಿದರೆ ಎಮ್ಮೆಗೆ ಕಣಕಿ ಹಾಕುವವರು ಯಾರು? ನಾಯಿಗೆ ರೊಟ್ಟಿ ಮುರಿದು ಹಾಕುವವರು? ಸಂಜೆ ದೇವರ ಮುಂದೆ ದೀಪ ಹಚ್ಚುವವರು? ಅದಕ್ಕೆಂದೇ ಪ್ರತಿ ಓಣಿಯಲ್ಲೂ ಒಬ್ಬರು ಉಳಿಯುತ್ತಾರೆ. ಹೋದ ವರ್ಷ ನೀನು ಹೋಗಿದ್ದೆ, ನಿನ್ನ ದನ ನಾ ನೋಡಿದೆ. ಈ ವರ್ಷ ನಾ ಹೋಗುತ್ತೇನೆ, ನನ್ನದು ನೀ ನೋಡು. ಎಲ್ಲೂ ಬರೆದಿಡದ, ಯಾರೂ ಮರೆಯದ ಮುಯ್ಯಿ ಇದು.

ಈ ಸಲ ತೊರವಿಯ ಒಂದು ಮನೆಗೆ ಹಾಗೆ ಉಳಿದವನು ನಾನು. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಟಿಕೋಟದ ಕಡೆ ಹೊರಟರೆ ನಗರದ ಗದ್ದಲ ಮುಗಿಯುತ್ತಿದ್ದಂತೆಯೇ ಸಿಗುವ ಊರು ತೊರವಿ. ಪೇಟೆಯಲ್ಲಿ ನಿವೃತ್ತನಾಗಿ ಕುಳಿತ ಬಂಧುವಿಗೆ ಬೇರೇನು ಕೆಲಸ ಎಂದು ಅವರೂ ತಿಳಿದರು, ನಾನೂ ಒಪ್ಪಿದೆ. ಮನೆ ಹಳೆಯದು. ತಲೆಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲೇರಿದರೆ ಪಡಸಾಲೆ, ಅದರಾಚೆ ಅಡುಗೆಮನೆ. ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಮಧ್ಯಾಹ್ನ ಹನ್ನೆರಡಕ್ಕೆ ಆ ಕಿಂಡಿಯ ಬಿಸಿಲು ಬೀಸುಕಲ್ಲಿನ ಮೇಲೆ ಬೀಳುತ್ತದೆ, ಮೂರಕ್ಕೆ ಗೋಡೆ ಹತ್ತುತ್ತದೆ. ಹೊರಗೆ ಹಿತ್ತಲಲ್ಲಿ ಈಗಷ್ಟೆ ಒಟ್ಟಿದ ಬಿಳಿಜೋಳದ ಕಣಕಿಯ ಬಣವಿ. ಸುಗ್ಗಿ ಮುಗಿದ ಹೊಸತು. ಬಣವಿಯ ವಾಸನೆ ಮನೆಯೊಳಗಿನ ತನಕ ಬರುತ್ತದೆ.

ಮನೆಯೊಡತಿ ಹೊರಡುವ ಮುನ್ನ ಕಟ್ಟೆಯ ಮೇಲೆ ಕೂತು ಹೇಳಿದ ಪಾಠ ಬಹಳ ಚಿಕ್ಕದು. "ಎಮ್ಮಿ ಹಿಂಡೂಮುಂದ ಮಾತಾಡಬ್ಯಾಡ್ರಿ. ನಿಮ್ಮ ದನಿ ಅದಕ್ಕ ಗೊತ್ತಿಲ್ಲ. ನನ್ನ ಹಳೀ ಸೀರಿ ಒಂದು ಗೂಟಕ್ಕ ಹಾಕೇನಿ, ಅದನ್ನ ಹೆಗಲ ಮ್ಯಾಲ ಹೊದ್ದು ಕುಂದರ್ರಿ. ಮೊದಲ ಕರ ಬಿಡ್ರಿ. ಹಾಲು ಕಡಿಮಿ ಕೊಟ್ರ ಬೈಬ್ಯಾಡ್ರಿ, ಅದಕ್ಕೂ ಬ್ಯಾಸರ ಇರತದ." ಇಷ್ಟೇ. ಗ್ಯಾಸು, ಕರೆಂಟು, ಕೀಲಿ ಎಲ್ಲಿವೆ ಎಂಬುದರ ಮಾತೇ ಇಲ್ಲ. ಕೀಲಿಯಂತೂ ಈ ಮನೆಗೆ ಇದೆಯೋ ಇಲ್ಲವೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಎಮ್ಮೆ ಪಂಢರಪುರಿ ತಳಿಯದು. ಪಂಢರಪುರ, ಸೊಲ್ಲಾಪುರದ ಕಡೆಯಿಂದ ಈ ಭಾಗಕ್ಕೆಲ್ಲ ಹರಡಿದ ಜಾತಿ. ಮೈ ಸಣ್ಣ, ಮುಖ ಉದ್ದ, ಕೋಡು ಹಿಂದಕ್ಕೆ ಬಾಗಿ ಭುಜ ದಾಟಿ ಹೋಗುತ್ತವೆ. ತಲೆಬಾಗಿಲಲ್ಲಿ ಬರುವಾಗ ಆ ಎಮ್ಮೆ ಕೋಡು ಚೌಕಟ್ಟಿಗೆ ತಾಗದ ಹಾಗೆ ತಲೆಯನ್ನು ಓರೆ ಮಾಡುತ್ತದೆ, ಒಂದು ಹೆಜ್ಜೆ ನಿಲ್ಲುತ್ತದೆ, ಇನ್ನೊಂದು ಕೋಡನ್ನು ಎಳೆದುಕೊಂಡು ಒಳಬರುತ್ತದೆ. ದಿನಕ್ಕೆರಡು ಸಲ ಇದನ್ನು ನೋಡಿದರೂ ನನಗೆ ಸಾಕಾಗಲಿಲ್ಲ. ಸೀರೆ ಹೊದ್ದು ಕೂತ ನನ್ನನ್ನು ಅದು ಮೊದಲು ಮೂಸಿತು. ಕರ ಬಂದು ನಾಲ್ಕು ಗುಟುಕು ಕುಡಿದ ಮೇಲೆ ಕೆಚ್ಚಲು ಸಡಿಲಾಗಿ ತೊರೆ ಬಿಟ್ಟಿತು. ಕರವನ್ನು ಎಳೆದು ಗೂಟಕ್ಕೆ ಕಟ್ಟುವುದೇ ಒಂದು ಕುಸ್ತಿ. ಆಮೇಲೆ ಚರಿಗೆಯ ತಳಕ್ಕೆ ಮೊದಲ ಧಾರೆ ಬಿದ್ದು ಟಣ್ ಎಂದಿತು. ನೊರೆ ಏರಿದಂತೆ ಸದ್ದು ಮೆತ್ತಗಾಯಿತು. ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿ, "ಸೀರಿ ಛೊಲೊ ಒಪ್ಪತದ್ರಿ ನಿಮಗ" ಎಂದು ಬೊಚ್ಚುಬಾಯಿ ತೆರೆದು ನಕ್ಕಿತು. ಆ ನಗುವಿಗೆ ಎಮ್ಮೆ ಬೆದರಲಿಲ್ಲ. ಅಜ್ಜಿಯ ದನಿ ಅದಕ್ಕೆ ಗೊತ್ತು.

ತಮಾಷೆಯೆಂದರೆ, ನಾನು ಕಾಯುತ್ತಿದ್ದ ಈ ಮನೆಯ ಮಗ ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇರೆ ಯಾರದೋ ಮನೆ ಕಾಯುತ್ತಿದ್ದ. ಲೀಡ್ಸ್ ನಗರದಲ್ಲಿ ಕಂಪ್ಯೂಟರ್ ಕೆಲಸ. ರಜೆ ಸಿಕ್ಕಾಗ ಅವನೂ ಹೆಂಡತಿಯೂ ಹೋಟೆಲು ಹಿಡಿಯುವುದಿಲ್ಲ, ಮನೆ ಹಿಡಿಯುತ್ತಾರೆ. ಅಲ್ಲಿ ನಾಯಿ ಬೆಕ್ಕು ಸಾಕಿದವರು ಪ್ರವಾಸ ಹೊರಟರೆ ಪ್ರಾಣಿಯನ್ನು ಬಾಡಿಗೆ ಗೂಡಿಗೆ ಬಿಡಲು ಮನಸ್ಸಿಲ್ಲದೆ, ಬಂದು ಮನೆಯಲ್ಲೇ ಇದ್ದು ನೋಡಿಕೊಳ್ಳುವವರನ್ನು ಹುಡುಕುತ್ತಾರೆ. ಸಂಬಳವಿಲ್ಲ, ಬಾಡಿಗೆಯೂ ಇಲ್ಲ. ಈ ಎರಡು ಕಡೆಯವರನ್ನು ಜೋಡಿಸುವುದೇ ಒಂದು ವ್ಯಾಪಾರವಾಗಿ ಬೆಳೆದಿದೆ. ಅದರಲ್ಲಿ ದೊಡ್ಡ ಹೆಸರಾದ ಟ್ರಸ್ಟೆಡ್ ಹೌಸ್‌ಸಿಟರ್ಸ್ 2010ರಲ್ಲಿ ಇಂಗ್ಲೆಂಡಿನಲ್ಲೇ ಶುರುವಾದದ್ದು. ವರ್ಷದ ಚಂದಾ ಕಟ್ಟಿ, ಗುರುತಿನ ಚೀಟಿ ತೋರಿಸಿ, ಹಿಂದೆ ಕಾಯ್ದ ಮನೆಯವರು ಕೊಟ್ಟ ನಕ್ಷತ್ರಗಳನ್ನು ಮುಂದಿಟ್ಟು ಅರ್ಜಿ ಹಾಕಬೇಕು.

ಮನೆಯವರು ಕೊಡುವ ಸೂಚನೆಯ ಕಾಗದ ಹತ್ತಾರು ಪುಟದ್ದು. ನಾಯಿಗೆ ಎಷ್ಟು ಗ್ರಾಂ ಊಟ, ಯಾವ ಸೋಫಾ ಹತ್ತಬಹುದು, ಯಾವುದನ್ನು ಹತ್ತಬಾರದು, ಗುಡುಗಿದರೆ ಯಾವ ಹಾಡು ಹಚ್ಚಬೇಕು. ಕಸದ ಡಬ್ಬಿಗಳಲ್ಲಿ ಯಾವ ಬಣ್ಣದ್ದು ಯಾವ ವಾರ ಹೊರಗಿಡಬೇಕು. ಕತ್ತಲಾಗುವ ಮೊದಲು ಕೋಳಿಗೂಡಿನ ಬಾಗಿಲು ಹಾಕಲೇಬೇಕು, ಇಲ್ಲವಾದರೆ ನರಿ ಬರುತ್ತದೆ. ಈ ಕೊನೆಯ ಮಾತು ಓದಿದಾಗ ಮಾತ್ರ ತನಗೆ ಊರಿಗೆ ಬಂದ ಹಾಗಾಯಿತು ಎಂದ ಹುಡುಗ.

ಫೋನಿನಲ್ಲಿ ಅವನು ತೋರಿಸಿದ ಇಂಗ್ಲೆಂಡು ಸಿನಿಮಾದಲ್ಲಿ ಕಾಣುವುದಲ್ಲ. ಯಾರ್ಕ್‌ಷೈರ್ ಡೇಲ್ಸ್‌ನ ಮಾಲಮ್ ಎಂಬ ಹಳ್ಳಿಯ ಹತ್ತಿರ ಒಂದು ಮನೆ. ಮುದಿ ಲ್ಯಾಬ್ರಡಾರ್. ಬೆಳಿಗ್ಗೆ ಆರಕ್ಕೆ ಅದು ಬಂದು ಹಾಸಿಗೆಯ ಪಕ್ಕ ಉಸಿರು ಬಿಡುತ್ತ ನಿಲ್ಲುತ್ತದೆ. ಮಳೆಯಿರಲಿ, ಮಂಜಿರಲಿ, ಏಳಲೇಬೇಕು. ಮನೆಯ ಹಿಂದಿನಿಂದಲೇ ಕಾಲುದಾರಿ. ಬೇರೆಯವರ ಹೊಲದ ನಡುವೆ ಹಾಯ್ದು ಹೋಗುವ, ಯಾರೂ ತಡೆಯಲಾಗದ ಹಕ್ಕಿನ ದಾರಿಗಳು ಅವು. ಇಂಗ್ಲೆಂಡು ಮತ್ತು ವೇಲ್ಸ್ ಸೇರಿ ಇಂಥವು ಸುಮಾರು 1,40,000 ಮೈಲಿ ಇವೆ. ಕುರಿ ದಾಟದಂತೆ, ಮನುಷ್ಯ ಮಾತ್ರ ಹತ್ತಿ ಇಳಿಯುವಂತೆ ಬೇಲಿಗೆ ಕಲ್ಲಿನ ಮೆಟ್ಟಿಲು. ಸುಣ್ಣ ಗಾರೆ ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದ ಗೋಡೆಗಳು ಗುಡ್ಡದ ನೆತ್ತಿಯ ತನಕ ಹೋಗುತ್ತವೆ. "ನಮ್ಮ ಒಡ್ಡು ಇದ್ದಂಗ ಅದ ಕಾಕಾ, ಕಲ್ಲು ಅಷ್ಟ ಬಿಳೀದು" ಎಂದ. ನಮ್ಮದು ಕರಿಗಲ್ಲು, ಅವರದು ಸುಣ್ಣಕಲ್ಲು. ಮಾಲಮ್ಮಿನ ದೊಡ್ಡ ಬಂಡೆಗೋಡೆ ನೋಡಲು ಬಸ್ಸಿನಲ್ಲಿ ಬರುವ ಪ್ರವಾಸಿಗಳು ಅರ್ಧ ಗಂಟೆ ನಿಂತು, ಫೋಟೋ ಹಿಡಿದು, ಚಹಾ ಕುಡಿದು ಹೋಗುತ್ತಾರಂತೆ. ಇವನು ಆ ಬಂಡೆಯ ಬುಡದ ತೊರೆಯ ಪಕ್ಕದಲ್ಲಿ ಕೈಯಲ್ಲಿ ನಾಯಿಯ ಹೇಲಿನ ಚೀಲ ಹಿಡಿದು, ಅದನ್ನು ಹಾಕುವ ಡಬ್ಬಿ ಹುಡುಕುತ್ತ ನಡೆಯುತ್ತಾನೆ. ದಾರಿಯಲ್ಲಿ ಸಿಕ್ಕವರು ಮೊದಲು ಮಾತಾಡಿಸುವುದು ನಾಯಿಯನ್ನು, ಆಮೇಲೆ ಇವನನ್ನು. ನಾಯಿಯಿಲ್ಲದೆ ಅದೇ ದಾರಿಯಲ್ಲಿ ಹೋದ ದಿನ ಯಾರೂ ಮಾತಾಡಲಿಲ್ಲವಂತೆ.

ಮಾರ್ಚಿನ ಕಡೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ. ದೇಶವೆಲ್ಲ ತಿರುಗಿಸಿತು, ನಾಯಿ ತಿರುಗಿಸಲಿಲ್ಲ. ಅದು ತನ್ನ ಹಳೆಯ ಆರಕ್ಕೇ ಎದ್ದಿತು. ಗೋಡೆಯ ಮೇಲೆ ಏಳಾಗಿತ್ತು. ಅವನು ಮೊದಲ ಸಲ ನೆಮ್ಮದಿಯಾಗಿ ಮಲಗಿದ್ದು ಆ ದಿನವೇ.

ತೊರವಿಯ ಈ ಮನೆಯ ನಾಯಿಗೂ ಇಂಗ್ಲೆಂಡಿನ ನಂಟು ಒಂದಿಷ್ಟು ಇದೆ ಎನ್ನಬೇಕು. ತೆಳ್ಳಗಿನ ಹೊಟ್ಟೆ, ಉದ್ದ ಮೂತಿ; ಎಲ್ಲೋ ಮುಧೋಳದ ರಕ್ತ ಬೆರೆತಿದೆ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಐದನೇ ಜಾರ್ಜ್ ದೊರೆಗೆ ಈ ತಳಿಯ ಮರಿಗಳನ್ನು ಕಾಣಿಕೆ ಕೊಟ್ಟರೆಂದು ಈ ಭಾಗದಲ್ಲೆಲ್ಲ ಹೇಳುತ್ತಾರೆ. ಹುಡುಗನಿಗಿಂತ ಮುಂಚೆಯೇ ನಾಯಿ ಸೀಮೆ ಕಂಡಿದೆ. ಇಲ್ಲಿನದು ಮಾತ್ರ ಹಗಲೆಲ್ಲ ಬಣವಿಯ ನೆರಳಲ್ಲಿ ಮಲಗಿ, ರಾತ್ರಿ ಬೊಗಳಿದ್ದೇ ಕೆಲಸ ಎಂದುಕೊಂಡಿದೆ. ಅದನ್ನು ಯಾರೂ ವಾಯುವಿಹಾರಕ್ಕೆ ಕರೆದೊಯ್ಯಬೇಕಿಲ್ಲ. ನಾನು ಹೊರಟರೆ ತಾನೇ ಮುಂದೆ ಓಡುತ್ತದೆ.

ಎರಡು ಹಾಲುಗರೆತಗಳ ನಡುವಿನ ಹೊತ್ತು ನನ್ನದು. ಆ ಹೊತ್ತಿನಲ್ಲಿ ಎಷ್ಟು ದೂರ ನಡೆದು ಮರಳಬಹುದೋ ಅಷ್ಟೇ ನನ್ನ ಲೋಕ. ಅಷ್ಟರಲ್ಲೇ ಏನೇನಿದೆ ಎಂದರೆ, ಗೋಲಗುಮ್ಮಟ ನೋಡಿ ಹೋಟೆಲಿಗೆ ಮರಳುವವರಿಗೆ ನಂಬಿಕೆ ಬರಲಾರದು. ಊರ ನರಸಿಂಹ ನೆಲದ ಕೆಳಗಿದ್ದಾನೆ. ಮೆಟ್ಟಿಲಿಳಿದು, ತಲೆ ತಗ್ಗಿಸಿ, ಇಕ್ಕಟ್ಟಿನಲ್ಲಿ ಸರಿದು ಹೋಗಬೇಕು. ಹೊರಗೆ ಮಾರ್ಚಿನ ಬಿಸಿಲು ಕುದಿಯುತ್ತಿದ್ದರೆ ಒಳಗೆ ಎಣ್ಣೆ ದೀಪದ ಜಿಡ್ಡು ವಾಸನೆ, ಬೆವರು ಆರಿಸುವ ತಂಪು. ಕುಮಾರ ವಾಲ್ಮೀಕಿ ಎಂದು ಹೆಸರಾದ ನರಹರಿ ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಬರೆದು ಅರ್ಪಿಸಿದ್ದು ಈ ದೇವರಿಗೆ. ಅದಕ್ಕೇ ಅದು ತೊರವೆ ರಾಮಾಯಣ. ಮಲೆನಾಡಿನ ಗಮಕಿಗಳ ಬಾಯಲ್ಲಿ, ಕರಾವಳಿಯ ಯಕ್ಷಗಾನದ ಪ್ರಸಂಗಗಳಲ್ಲಿ ಈ ಊರಿನ ಹೆಸರು ಎಷ್ಟು ದೂರ ಹೋಗಿದೆ! ಊರ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಮಾತ್ರ ಮುಂದಿನ ಟಿಕೋಟ ಬಸ್ಸಿನ ಚಿಂತೆ.

ಇನ್ನೊಂದು ಮಗ್ಗುಲಿಗೆ ನವರಸಪುರ. ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಸಂಗೀತಕ್ಕೆಂದೇ ಒಂದು ಪಟ್ಟಣ ಕಟ್ಟಲು ಹೊರಟ ಜಾಗ. 1624ರಲ್ಲಿ ಅಹ್ಮದನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ಅದನ್ನು ಹಾಳುಗೆಡವಿದ. ಪೂರ್ತಿಯಾಗುವ ಮೊದಲೇ ಮುರಿದ ಊರು ಅದು. ಸರ್ಕಾರ ಮನಸ್ಸು ಬಂದಾಗ ನಡೆಸುವ ನವರಸಪುರ ಉತ್ಸವಕ್ಕೆ ಹೆಸರು ಬಂದದ್ದು ಇಲ್ಲಿಂದ. ಉಳಿದದ್ದರಲ್ಲಿ ದೊಡ್ಡದು ಸಂಗೀತ ಮಹಲು: ನಗರದ ಗಗನಮಹಲಿನ ಮಾದರಿಯ ಎತ್ತರದ ಕಮಾನು, ಎರಡು ಪಕ್ಕಕ್ಕೆ ಕಿರಿದಾದ ಎರಡು ಕಮಾನು, ಮುಂದೆ ನೀರಿನ ತೊಟ್ಟಿ. ಚಾವಣಿ ಹೋಗಿ ಕಾಲವಾಗಿದೆ. ನಾನು ಹೋದ ಮಧ್ಯಾಹ್ನ ಒಳಗೆ ಪಾರಿವಾಳ ಬಿಟ್ಟರೆ ಇಬ್ಬರು ಹುಡುಗರು ಮೊಬೈಲಿನಲ್ಲಿ ಹಾಡು ಹಚ್ಚಿ ಕೂತಿದ್ದರು. ಸಂಗೀತ ಮಹಲಿಗೆ ಅಷ್ಟಾದರೂ ಸಂಗೀತ ಬೇಡವೆ?

ಈ ಇಬ್ರಾಹಿಂ ನನಗೆ ಇಷ್ಟವಾಗುವುದು ಅವನ ಕಮಾನುಗಳಿಗಿಂತ ಅವನ ಆನೆಯಿಂದಾಗಿ. ದಖನಿಯಲ್ಲಿ ಅವನು ಬರೆದ ಕಿತಾಬ್-ಎ-ನವರಸ್ ಎಂಬ ಹಾಡಿನ ಪುಸ್ತಕದಲ್ಲಿ ಸರಸ್ವತಿ, ಗಣಪತಿಯರ ಜೊತೆಗೆ ಅವನ ಮುದ್ದಿನ ಆನೆ ಆತಿಶ್ ಖಾನನೂ ಇದ್ದಾನೆ, ಮೋತಿಖಾನ್ ಎಂದು ಹೆಸರಿಟ್ಟ ತಂಬೂರಿಯೂ ಇದೆ. ಸಾಕಿದ ಪ್ರಾಣಿಯ ಮೇಲೆ ಹಾಡು ಕಟ್ಟಿದ ದೊರೆ! ಅವನ ಇನ್ನೊಂದು ಆನೆ ಚಂಚಲ್ ಅಕ್ಬರನಿಗೆ ಕಾಣಿಕೆಯಾಗಿ ಹೋಯಿತು. ಅದನ್ನು ಒಯ್ಯುವ ಹೊಣೆ 1603-04ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಮೊಘಲ್ ದೂತ ಅಸದ್ ಬೇಗನ ತಲೆಗೆ ಬಿತ್ತು. ಆ ಆನೆಗೆ ದಿನಾ ಮದ್ಯ ಬೇಕು. ಅದನ್ನು ಹೊಂದಿಸುವುದರಲ್ಲಿ ತಾನು ಪಟ್ಟ ಪಾಡನ್ನು ಅವನೇ ಬರೆದಿಟ್ಟಿದ್ದಾನೆ. ಇದೇ ಅಸದ್ ಬೇಗ್ ವಿಜಯಪುರದಿಂದ ಒಯ್ದ ಹೊಗೆಸೊಪ್ಪೂ ಚಿಲುಮೆಯೂ ಅಕ್ಬರನ ಮುಂದೆ ಮೊದಲ ಸಲ ಬಂದವು. ಬೇರೆಯವರ ಪ್ರಾಣಿಯನ್ನು ಜೋಪಾನ ಮಾಡುತ್ತ ದೇಶ ಸುತ್ತುವುದು ಈಗಿನವರ ಶೋಕಿ ಎಂದುಕೊಂಡವರಿಗೆ ಈ ಪುಣ್ಯಾತ್ಮನ ಕಥೆ ಹೇಳಬೇಕು.

ಲಂಡನ್ನಿನಲ್ಲಿ ಒಂದು ಬೆಕ್ಕು ಕಾಯಲು ಹೋದಾಗ ನಮ್ಮ ಹುಡುಗ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿದ್ದ. ಬೆಕ್ಕು ಎರಡು ಹೊತ್ತು ಊಟ ಬಿಟ್ಟರೆ ಮನುಷ್ಯರ ಹಂಗಿನಲ್ಲಿಲ್ಲ. ಹಗಲು ಪೂರ್ತಿ ಸಿಗುತ್ತದೆ. ಕೈಯಲ್ಲಿ ಚಿಟಿಕೆ ತಾಳ ಹಿಡಿದ ಇಬ್ರಾಹಿಮನ ಚಿತ್ರ ಅಲ್ಲಿನ ಸಂಗ್ರಹದಲ್ಲಿದೆ. ಗೋಡೆಯ ಮೇಲೆ ಯಾವಾಗಲೂ ಇರುವುದಿಲ್ಲ, ಅವನಿಗೂ ಕಾಣಲಿಲ್ಲ. ವಿಜಯಪುರದ ಆಸಾರ್ ಮಹಲಿನ ಹಸ್ತಪ್ರತಿಗಳೂ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲಂಡನ್ನಿಗೆ ಹೋಗಿ ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮ ಮನೆ ಕಾಯುತ್ತೇವೆಂದು ಬಂದವರು ಪೆಟ್ಟಿಗೆಯನ್ನೇ ಹೊತ್ತರು. ಈಗ ನಮ್ಮ ಹುಡುಗ ಹೋಗಿ ಅವರ ಬೆಕ್ಕಿಗೆ ಹಾಲು ಹಾಕುತ್ತಿದ್ದಾನೆ, ಇರಲಿ.

ಮನೆ ಬಿಟ್ಟು ಹೋಗುವಾಗ ಯಾರನ್ನೂ ನಂಬದವನ ಕಥೆಯೂ ಈ ಸೀಮೆಯಲ್ಲೇ ಇದೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಆದಿಲ್‌ಶಾಹಿ ಸೇನಾನಿ ಅಫ್ಜಲ್‌ಖಾನ್, ತಾನು ಮರಳಲಾರೆ ಎಂದು ತಿಳಿದು ತನ್ನ ಹೆಂಡಂದಿರನ್ನೆಲ್ಲ ಕೊಂದು ಹೋದನೆಂದು ಐತಿಹ್ಯ. ಸಾಠ್ ಕಬರ್ ಎನ್ನುವ ಜಾಗದಲ್ಲಿ ಒಂದೇ ಅಳತೆಯ ಕರಿಗಲ್ಲಿನ ಗೋರಿಗಳು ಸಾಲಾಗಿವೆ. ಕಥೆ ನಿಜವೋ ಸುಳ್ಳೋ, ಅಲ್ಲಿ ಬಹಳ ಹೊತ್ತು ನಿಲ್ಲಲು ಆಗುವುದಿಲ್ಲ.

ಊರ ಕಡೆ ಮರಳುವಾಗ ಹೊಲಗಳ ನಡುವೆ ಆದಿಲ್‌ಶಾಹಿಗಳ ನೀರಿನ ಜಾಡು. ತೊರವಿಯ ಕಡೆಯಿಂದ ನಗರಕ್ಕೆ ನೆಲದಡಿಯ ಸುರಂಗದಲ್ಲಿ ನೀರು ಹರಿಯುತ್ತಿತ್ತು. ಸುರಂಗ ಬಾವಡಿ ಅದರದೇ ಗುರುತು. ಆ ಕಾಲದ ನೀರಿನ ದಾರಿಯ ಮೇಲೆ ಈ ಕಾಲದ ದ್ರಾಕ್ಷಿ ಬಳ್ಳಿ. ಟಿಕೋಟ, ಬಬಲೇಶ್ವರದ ಕಡೆ ಹೋದಷ್ಟೂ ದ್ರಾಕ್ಷಿಯೇ. ಹಸಿರು ಬಲೆ ಇಳಿಬಿಟ್ಟ ಉದ್ದನೆಯ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ತಂತಿ ಜಾಲರಿ, ಅದರ ಮೇಲೆ ಗೊಂಚಲು. ಔಷಧಿ ನೀರಲ್ಲಿ ಅದ್ದಿ ಹರವಿದ ಹಣ್ಣು ಗಾಳಿಗೆ ಮೆಲ್ಲಗೆ ಬಾಡುತ್ತ ಎರಡು ಮೂರು ವಾರದಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಆಗುತ್ತದೆ. ಇಲ್ಲಿನ ಮಾಲು ಮಹಾರಾಷ್ಟ್ರದ ತಾಸಗಾಂವ ಪೇಟೆಗೂ ಹೋಗುತ್ತದೆ. ಈ ವಾರಗಳಲ್ಲಿ ಯಾರ ಕಣ್ಣೂ ನೆಲದ ಮೇಲಿಲ್ಲ. ಪಡುವಣದಲ್ಲಿ ಒಂದು ಕರಿಮೋಡ ಕಂಡರೆ ಸಾಕು, ಶೆಡ್ಡಿನ ಪ್ಲಾಸ್ಟಿಕ್ ಪರದೆ ಎಳೆಯಲು ಊಟದ ತಾಟು ಬಿಟ್ಟು ಏಳುತ್ತಾರೆ. ದ್ರಾಕ್ಷಿ ಇದ್ದವರು ಶ್ರೀಶೈಲಕ್ಕೆ ನಡೆದು ಹೋಗುವುದು ಕಷ್ಟ. ಮಲ್ಲಯ್ಯನಿಗೆ ಕೈಮುಗಿದು, ಕಂಬಿಯವರ ಕೈಯಲ್ಲಿ ಕಾಯಿ ಕೊಟ್ಟು ಕಳಿಸುತ್ತಾರೆ.

ಸಂಜೆ ಐದರ ಸುಮಾರಿಗೆ ರಸ್ತೆಯಲ್ಲಿ ಬೇರೆಯೇ ಗಲಗಲ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯದ ಆವರಣ ತೊರವಿಯಲ್ಲೇ ಇದೆ. 2003ರಲ್ಲಿ ಶುರುವಾದ, ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆಂದೇ ಹುಟ್ಟಿದ ವಿಶ್ವವಿದ್ಯಾನಿಲಯ. ಚೀಲ ತೂಗಿಸಿಕೊಂಡ ಹುಡುಗಿಯರು ಬಸ್ಸಿಗೆ ಕಾಯುತ್ತ ಶೇಂಗಾ ಒಡೆಯುತ್ತ ನಿಂತಿರುತ್ತಾರೆ. ಸಂಕ್ರಾಂತಿಗೆ ಬಂದಿದ್ದರೆ ಈ ಊರ ಬಯಲಲ್ಲಿ ಸಿದ್ಧೇಶ್ವರ ಜಾತ್ರೆಯ ದನದ ಸಂತೆ, ಬಣ್ಣದ ಗೊಂಡೆ ಕಟ್ಟಿದ ಖಿಲಾರಿ ಎತ್ತುಗಳು. ಐದಕ್ಕೆ ನಾನೂ ಮನೆ ಸೇರಬೇಕು. ಎಮ್ಮೆ ಕರೆಯಲು ಶುರುಮಾಡುತ್ತದೆ, ಓಣಿಗೆಲ್ಲ ಕೇಳುವ ಹಾಗೆ.

ಒಂದು ಮಾತು ಹೇಳಲೇಬೇಕು. ಈ ಜಿಲ್ಲೆಯಲ್ಲಿ ಮನೆ ಬಿಟ್ಟು ಹೋಗುವವರೆಲ್ಲ ದೇವರಿಗೆ ಹೋಗುವವರಲ್ಲ. ಗೋವೆಗೆ ಕಟ್ಟಡದ ಕೆಲಸಕ್ಕೆ, ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಬೆಂಗಳೂರು, ಮಂಗಳೂರಿಗೆ ಕೂಲಿಗೆ ಹೋದವರ ಮನೆಗಳೂ ಓಣಿ ಓಣಿಯಲ್ಲಿವೆ. ಅವುಗಳನ್ನು ಕಾಯುವವರು ಮುದುಕ ಮುದುಕಿಯರು. ಪಕ್ಕದ ಮನೆಯ ಅಜ್ಜಿಯೂ ಅವರಲ್ಲಿ ಒಬ್ಬಳು. ಎರಡು ಆಡು, ಒಬ್ಬ ಮೊಮ್ಮಗ, ಶಾಲೆಯ ಚೀಲ, ರೇಶನ್ ಕಾರ್ಡು ಎಲ್ಲ ಅವಳ ಸುಪರ್ದಿಯಲ್ಲಿ. ಅವಳಿಗೆ ಮರಳಿ ಮುಯ್ಯಿ ತೀರಿಸುವವರು ಯಾರೂ ಇಲ್ಲ. "ಇಂಗ್ಲಂಡದಾಗ ಮನಿ ಕಾದ್ರ ಏನ್ ಕೊಡ್ತಾರ?" ಎಂದು ಕೇಳಿದಳು. ಏನೂ ಕೊಡುವುದಿಲ್ಲ, ಇರಲು ಜಾಗ ಕೊಡುತ್ತಾರೆ ಎಂದೆ. "ಹಂಗಾದ್ರ ನಂದೂ ಅದ ಆತಲ್ಲ" ಎಂದು ಆಡಿಗೆ ಸೊಪ್ಪು ಹಾಕಲು ಎದ್ದಳು.

ಊರು ನೋಡುವ ರೀತಿಗಳಲ್ಲಿ ಹೀಗೆ ಮನೆ ಕಾಯುತ್ತ ನೋಡುವುದೇ ಮೇಲು ಎಂದು ನನ್ನ ತೀರ್ಮಾನ. ಪ್ರವಾಸಿಗೆ ಎಲ್ಲಿ ಬೇಕಾದರೂ ಹೋಗುವ ಸ್ವಾತಂತ್ರ್ಯ. ಅದರಿಂದಲೇ ಅವನಿಗೆ ಯಾವುದೂ ಪೂರ್ತಿ ಸಿಗುವುದಿಲ್ಲ. ದನ ಕಾಯುವವನಿಗೆ ಕಾಲಿಗೆ ಹಗ್ಗ. ಆ ಹಗ್ಗದ ಅಳತೆಯೊಳಗಿನದನ್ನು ಅವನು ಮತ್ತೆ ಮತ್ತೆ ನೋಡುತ್ತಾನೆ: ಬೆಳಿಗ್ಗೆಯ ಕಮಾನು, ಮಧ್ಯಾಹ್ನದ ಕಮಾನು, ಯಾವ ಮನೆಯ ರೊಟ್ಟಿ ಬಡಿತ ಮೊದಲು ಶುರುವಾಗುತ್ತದೆ, ಯಾವ ಬಾವಿಯ ನೀರು ಸಪ್ಪೆ, ಯಾರಿಗೆ ಯಾರೊಂದಿಗೆ ಮಾತಿಲ್ಲ.

ಇಂಗ್ಲೆಂಡಿಗೆ ಹೋಗಿ ಹೀಗೆ ಸುತ್ತುವ ಆಸೆ ಹುಟ್ಟಿದವರು ಮೊದಲು ವೀಸಾದ ಷರತ್ತು ಓದಿಕೊಳ್ಳಿ. ಪ್ರವಾಸಿ ವೀಸಾದಲ್ಲಿ ಹೋದವರು ಅಲ್ಲಿ ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ, ನಾಯಿ ಕಾಯುವುದನ್ನು ಅಧಿಕಾರಿ ಕೆಲಸವೆಂದು ಎಣಿಸಿದರೆ ಪೇಚು. ತೊರವಿಗೆ ಆ ತಾಪತ್ರಯವಿಲ್ಲ. ಹೋಳಿಯಿಂದ ಯುಗಾದಿಯ ತನಕ ಇಲ್ಲಿ ಮನೆ ನೋಡಿಕೊಳ್ಳಲು ಜನ ಬೇಕೇ ಬೇಕು. ಅರ್ಜಿ, ಚಂದಾ, ನಕ್ಷತ್ರ ಯಾವುದೂ ಕೇಳುವುದಿಲ್ಲ. ಎಮ್ಮೆ ಹಿಂಡಲು ಬರಬೇಕು, ಅಷ್ಟೆ.